ಆರು ಗಂಟೆಯ ಜಾಡಿಗಳು

ಹೆಂಡ್ರಿಕಾಳ ಮನೆಯಲ್ಲಿ ಶನಿವಾರ ಸಂಜೆ ಆರು ಹೊಡೆಯಿತೆಂದರೆ ಒಲೆ ಆರಬೇಕು. ಅದು ಆಕೆಯ ಕಾನೂನು. ಅಷ್ಟರೊಳಗೆ ಭಾನುವಾರದ ಮಾಂಸ ಮಸಾಲೆ ಹಚ್ಚಿಸಿಕೊಂಡು ಪಾತ್ರೆ ಸೇರಿರಬೇಕು, ಆಲೂಗಡ್ಡೆ ಸಿಪ್ಪೆ ಕಳೆದುಕೊಂಡು ತಣ್ಣೀರಿನಲ್ಲಿ ಕೂತಿರಬೇಕು, ಬೂಟುಗಳು ಪಾಲಿಶ್ ಆಗಿ ಬಾಗಿಲ ಪಕ್ಕ ಸಾಲಾಗಿ ನಿಂತಿರಬೇಕು. ಅಯೋವಾ ರಾಜ್ಯದ ವಾಯವ್ಯ ಮೂಲೆಯ ನಮ್ಮ ಡಚ್ಚರ ಊರುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ. ಭಾನುವಾರ ಕರ್ತನ ದಿನ, ಕೆಲಸ ಕೂಡದು; ಅವತ್ತು ಬಟ್ಟೆ ಒಣಹಾಕಿದವಳ ಹೆಸರು ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಮೂರು ಊರು ಸುತ್ತಿ ಬಂದಿರುತ್ತದೆ. ಆದರೂ ಬೇರೆಯವರ ಮನೆಯಲ್ಲಿ ಆರು ಅಂದರೆ ಆರೂವರೆ ಆಗುತ್ತಿತ್ತು, ಏಳೂ ಆಗುತ್ತಿತ್ತು, ದೇವರೇನೂ ಸಿಡಿಲು ಹೊಡೆಯುತ್ತಿರಲಿಲ್ಲ. ಹೆಂಡ್ರಿಕಾಳ ಮನೆಯಲ್ಲಿ ಆರು ಅಂದರೆ ಆರೇ.

ಸೊಸೆ ಅರ್ಲಿಸ್ ಹದಿನೇಳು ವರ್ಷ ಈ ಕಾನೂನಿಗೆ ತಲೆಬಾಗಿ ಬಾಳಿದವಳು. ಅಡುಗೆಯಲ್ಲಿ ಎತ್ತಿದ ಕೈ. ನಮ್ಮ ಚರ್ಚಿನ ಸಭೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯರಿಗೆ ಬೇಸಿಗೆಯ ತರಕಾರಿಯನ್ನು ಚಳಿಗಾಲಕ್ಕೆ ಗಾಜಿನ ಜಾಡಿಯಲ್ಲಿ ಕಾಪಿಡುವುದನ್ನು ಕಲಿಸುತ್ತಿದ್ದವಳೂ ಅವಳೇ. ಅರ್ಲಿಸ್ ಕೈಯ ಜಾಡಿಯಾದರೆ ಕಣ್ಣು ಮುಚ್ಚಿಕೊಂಡು ತಿನ್ನಬಹುದು ಎಂದು ನಾವೆಲ್ಲ ಹೇಳುತ್ತಿದ್ದೆವು.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಗಂಡ ವರ್ಲಿನ್ ಎರಡು ದೊಡ್ಡ ಬುಟ್ಟಿ ಹುರುಳಿಕಾಯಿ ತಂದು ಅಡುಗೆಮನೆಯಲ್ಲಿ ಸುರಿದ. ಹೊಲದ ಕೆಲಸವಿದೆ ಎಂದು ತಿರುಗಿ ನೋಡದೆ ಹೋದ. ಗಂಡಸರಿಗೇನು, ಕೀಳುವುದು ಗೊತ್ತು.

"ಸೋಮವಾರದ ತನಕ ಇಟ್ರೆ ಲೋಳೆ ಆಗ್ತವೆ ಅತ್ತೆ," ಎಂದಳು ಅರ್ಲಿಸ್.

"ಹಾಗಾದ್ರೆ ಬಾಯಿ ಬಿಟ್ಟು ಕೈಗೆ ಕೆಲಸ ಕೊಡು," ಎಂದಳು ಹೆಂಡ್ರಿಕಾ. ಅಂದಳಷ್ಟೇ ಅಲ್ಲ, ಎಪ್ಪತ್ತೆಂಟರ ಮುದುಕಿ ತಾನೂ ಎದುರು ಕೂತು ನಾರು ತೆಗೆದು ಮುರಿದು ಕೊಟ್ಟಳು.

ಏಳು ಜಾಡಿ ಹಿಡಿಯುವ ದೊಡ್ಡ ಕುಕ್ಕರ್ ಅದು. ಹುರುಳಿಕಾಯಿಯಲ್ಲಿ ಹುಳಿಯಿಲ್ಲ, ಬರೀ ಕುದಿನೀರಿಗೆ ಅದರೊಳಗಿನ ವಿಷದ ಬೀಜ ಸಾಯುವುದಿಲ್ಲ. ಆವಿ ಕಟ್ಟಿ, ಒತ್ತಡ ತೋರಿಸುವ ಮುಳ್ಳು ಏರಿ ನಿಂತ ಮೇಲೆ ಇಪ್ಪತ್ತೈದು ನಿಮಿಷ ಆಗಲೇಬೇಕು, ಒಂದು ನಿಮಿಷ ಕಡಿಮೆ ಆಗಬಾರದು. ಹುಡುಗಿಯರಿಗೆ ಅರ್ಲಿಸ್ ಇದನ್ನೇ ಮಗ್ಗಿಯ ಹಾಗೆ ಹೇಳಿಸುತ್ತಿದ್ದಳು. ಅವತ್ತು ಮೊದಲ ಎರಡು ಸಲ ಎಲ್ಲ ಸರಿಯಾಗಿ ನಡೆಯಿತು. ಮೂರನೆಯ ಸಲ ಮುಳ್ಳು ಏರಿದಾಗ ಗಡಿಯಾರ ಆರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಆರು ಹೊಡೆದಾಗ ಹೆಂಡ್ರಿಕಾ ಬಾಗಿಲಲ್ಲಿ ಬಂದು ನಿಂತಳು.

"ಇನ್ನು ಹದಿನೈದು ನಿಮಿಷ, ಅತ್ತೆ. ಪುಸ್ತಕದಲ್ಲಿ ಇಪ್ಪತ್ತೈದು ಅಂತ ಇದೆ."

"ಪುಸ್ತಕ ಬರೆದೋರ ಮನೇಲಿ ಭಾನುವಾರ ಇದ್ಯೋ ಇಲ್ವೋ ನಂಗೊತ್ತಿಲ್ಲ. ಈ ಮನೇಲಿ ಇದೆ."

ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಐದರಿಂದ ನಿಂತ ಕಾಲು. ಹದಿನೈದು ನಿಮಿಷಕ್ಕಾಗಿ ಅತ್ತೆಯ ಜೊತೆ ಜಗಳ ಕಾದು, ಭಾನುವಾರವೆಲ್ಲ ಆ ಗಂಟುಮುಖದ ಎದುರು ಊಟ ಮಾಡುವುದಕ್ಕೆ ಅರ್ಲಿಸಳಿಗೆ ಶಕ್ತಿ ಇರಲಿಲ್ಲ. ಕೈ ಚಾಚಿ ಒಲೆ ಆರಿಸಿದಳು. ಸೋಮವಾರ ಮತ್ತೊಂದು ಸಲ ಬೇಯಿಸಿದರಾಯಿತು ಎಂದುಕೊಂಡು ಆ ಏಳು ಜಾಡಿಗಳನ್ನು ನೆಲಮಾಳಿಗೆಯಲ್ಲಿ, ಕೆಳಗಿನ ಹಲಗೆಯ ಮೇಲೆ, ಸೌತೆಕಾಯಿ ಉಪ್ಪಿನಕಾಯಿಯ ಹಿಂದೆ ಬೇರೆಯಾಗಿ ಇಟ್ಟಳು. ಸೋಮವಾರ ಬಟ್ಟೆ ಒಗೆಯುವ ದಿನ. ಮಂಗಳವಾರ ಜೋಳದ ತೆನೆ ಬಂತು. ಆಮೇಲೆ ಟೊಮೆಟೊ. ಜಾಡಿಗಳು ಅಲ್ಲೇ ಉಳಿದವು.

ಮಾರ್ಚಿನಲ್ಲಿ ಜೋಲೀನಳಿಗೆ ಎರಡನೆಯ ಮಗು ಹುಟ್ಟಿತು. ಅರ್ಲಿಸ್ ಕಲಿಸಿದ ಹುಡುಗಿಯರಲ್ಲಿ ಅವಳಿಗೆ ತೀರ ಹತ್ತಿರದವಳು ಈ ಜೋಲೀನ್. ಅಕ್ಕ ಅಕ್ಕ ಎಂದು ಬೆನ್ನು ಹತ್ತಿದವಳು. ನಮ್ಮ ಸಭೆಯಲ್ಲಿ ಹೆರಿಗೆಯಾಗಲಿ, ಸಾವಾಗಲಿ, ಆ ಮನೆಯ ಒಲೆ ಎರಡು ವಾರ ಹೊತ್ತುವುದಿಲ್ಲ. ಹೆಂಗಸರು ಪಟ್ಟಿ ಮಾಡಿ ದಿನಕ್ಕೊಬ್ಬರು ಊಟ ಒಯ್ಯುತ್ತಾರೆ. ಪಾತ್ರೆಯ ತಳಕ್ಕೆ ಅಂಟುಪಟ್ಟಿ, ಅದರ ಮೇಲೆ ಹೆಸರು; ಇಲ್ಲದಿದ್ದರೆ ಯಾರ ಪಾತ್ರೆ ಯಾರ ಮನೆ ಸೇರಿತೆಂದು ದೇವರಿಗೂ ತಿಳಿಯುವುದಿಲ್ಲ. ಬುಧವಾರ ಅರ್ಲಿಸಳ ಸರದಿ.

"ಹುರುಳಿಕಾಯಿ ಕೋಸಂಬರಿ ಮಾಡ್ಕೊಂಡು ಬನ್ನಿ ಅಕ್ಕ," ಎಂದು ಜೋಲೀನ್ ಫೋನಿನಲ್ಲಿ ಕೇಳಿದ್ದಳು. "ಡ್ವೇನ್ ಹಸಿರು ಕಂಡ್ರೆ ಎದ್ದು ಓಡ್ತಾರೆ. ಕಾರ್ಲಾನೂ ಅಪ್ಪನ ಮಗಳೇ. ಅಷ್ಟೂ ನಂಗೇ." ಡ್ವೇನ್ ಅವಳ ಗಂಡ, ಕಾರ್ಲಾ ಮೊದಲ ಮಗಳು.

ಮೇಲಿನ ಹಲಗೆಯ ಹುರುಳಿಕಾಯಿ ಚಳಿಗಾಲದಲ್ಲಿ ಮುಗಿದುಹೋಗಿತ್ತು. ಅರ್ಲಿಸ್ ಕೆಳಗಿನ ಹಲಗೆಗೆ ಬಗ್ಗಿ, ಉಪ್ಪಿನಕಾಯಿ ಸರಿಸಿ, ಹಿಂದಿನಿಂದ ಒಂದು ಜಾಡಿ ತೆಗೆದಳು. ಇವು ಆ ಆರು ಗಂಟೆಯ ಜಾಡಿಗಳಲ್ಲವೇ ಎಂದು ಮನಸ್ಸು ಒಮ್ಮೆ ಕೇಳಿತು. ಮನಸ್ಸು ಕೇಳಲೇ ಇಲ್ಲ ಎಂದು ಅವಳು ಆಮೇಲೂ ಯಾರ ಮುಂದೆಯೂ ಸುಳ್ಳು ಹೇಳಲಿಲ್ಲ. ಏಳು ತಿಂಗಳು ಏನೂ ಆಗಿಲ್ಲ, ನೀರು ತಿಳಿಯಾಗಿದೆ ಎಂದು ಸಮಾಧಾನ ಮಾಡಿಕೊಂಡಳು.

ಮುಚ್ಚಳ ಎಬ್ಬಿಸಿದಾಗ ಟಪ್ಪೆನ್ನಲಿಲ್ಲ. ಚೆನ್ನಾಗಿರುವ ಜಾಡಿ ಬಿಗಿಯಾಗಿ ಹಿಡಿದುಕೊಂಡಿದ್ದು ಟಪ್ಪೆಂದೇ ಬಿಡುತ್ತದೆ. ಇದು ಬೆರಳು ತಾಗಿದ್ದೇ ಎದ್ದು ಬಂತು. ಅರ್ಲಿಸ್ ನಿಂತಳು. ಮೂಸಿದಳು. ವಾಸನೆಯೇನೂ ಇರಲಿಲ್ಲ. ಗಡಿಯಾರ ನಾಲ್ಕೂವರೆ, ಐದಕ್ಕೆ ಊಟ ಅಲ್ಲಿರಬೇಕು. ಹಸಿದ ಬಾಣಂತಿಯನ್ನು ಕಾಯಿಸುವುದೇ? ಈರುಳ್ಳಿ ಹೆಚ್ಚಿ ಹಾಕಿದಳು, ವಿನೆಗರ್, ಸಕ್ಕರೆ, ಎಣ್ಣೆ ಬೆರೆಸಿದಳು. ಒಲೆಗೆ ಇಡುವ ಪದಾರ್ಥವಲ್ಲ ಅದು. ಇಟ್ಟು ಹತ್ತು ನಿಮಿಷ ಕುದಿಸಿದ್ದರೆ, ವಿಷದ ಬೀಜ ಸಾಯದಿದ್ದರೂ ಅದು ಕಕ್ಕಿದ ವಿಷ ಸಾಯುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಗಾದೆ ಮಾಡಿದವರು ಅಡುಗೆಮನೆಯಲ್ಲೇ ಬೆಂದವರಿರಬೇಕು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಗೋಡೆಯ ಫೋನ್ ಬಡಿದುಕೊಂಡಿತು. ಸಭೆಯ ಪ್ರಾರ್ಥನಾ ಸರಪಳಿ. ಯಾರಿಗಾದರೂ ಕಷ್ಟ ಬಂದರೆ ಪಾದ್ರಿಯ ಹೆಂಡತಿ ಪಟ್ಟಿಯ ಮೊದಲನೆಯವಳಿಗೆ ಹೇಳುತ್ತಾಳೆ, ಅವಳು ಎರಡನೆಯವಳಿಗೆ, ಹೀಗೆ ಅರ್ಧ ಗಂಟೆಯಲ್ಲಿ ನಲವತ್ತು ಮನೆ ಮಂಡಿಯೂರುತ್ತದೆ. ಅರ್ಲಿಸಳಿಗೆ ಹೇಳಬೇಕಾದವಳು ವಿಲ್ಮಾ. ಅರ್ಲಿಸ್ ಹೇಳಬೇಕಾದದ್ದು ಬರ್ನೀಸಳಿಗೆ.

"ಜೋಲೀನಿಗೆ ಪ್ರಾರ್ಥನೆ ಮಾಡು ಕಣೆ," ಎಂದಳು ವಿಲ್ಮಾ. "ನಿನ್ನೆ ರಾತ್ರಿ ಆಸ್ಪತ್ರೆಗೆ ಸೇರಿಸಿದ್ರಂತೆ. ಒಂದೊಂದು ವಸ್ತು ಎರಡೆರಡಾಗಿ ಕಾಣ್ತಿದ್ಯಂತೆ. ರೆಪ್ಪೆ ಎತ್ತಕ್ಕಾಗಲ್ವಂತೆ, ನೀರು ನುಂಗಕ್ಕಾಗಲ್ವಂತೆ. ಲಕ್ವಾ ಇರಬಹುದು ಅಂತಿದ್ದಾರೆ ಡಾಕ್ಟ್ರು. ಇಪ್ಪತ್ತಾರು ವರ್ಷದ ಹುಡುಗಿಗೆ ಲಕ್ವಾ ಅಂದ್ರೆ ಏನು ಹೇಳ್ತೀಯ?"

ಜಾಡಿ ಪುಸ್ತಕದ ಕೊನೆಯ ಪುಟ ಅರ್ಲಿಸಳಿಗೆ ಬಾಯಿಪಾಠ. ಕೆಟ್ಟ ಜಾಡಿಯ ವಿಷಕ್ಕೆ ಕಣ್ಣು ಮೊದಲು, ಆಮೇಲೆ ನಾಲಿಗೆ, ಗಂಟಲು, ಕೊನೆಗೆ ಉಸಿರು. ಹುಡುಗಿಯರಿಗೆ ಅವಳೇ ಓದಿ ಹೇಳಿದ ಪುಟ ಅದು. ಡಾಕ್ಟರಿಗೆ ಗೊತ್ತಾದರೆ ಮದ್ದಿದೆ, ಆದರೆ ಬೇಗ ಗೊತ್ತಾಗಬೇಕು ಎಂದೂ ಅದೇ ಪುಟದಲ್ಲಿತ್ತು.

ಅವಳು ಫೋನಿನ ಗುಂಡಿ ಒತ್ತಿದಳು. ಆಸ್ಪತ್ರೆಗಲ್ಲ, ಬರ್ನೀಸಳಿಗೆ.

"ಜೋಲೀನಿಗೆ ಪ್ರಾರ್ಥನೆ ಮಾಡ್ಬೇಕಂತೆ," ಎಂದಳು. ವಿಲ್ಮಾ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು. ತನಗೆ ಗೊತ್ತಿದ್ದದ್ದನ್ನು ಮಾತ್ರ ಹೇಳಲಿಲ್ಲ.

ಆಮೇಲೆ ನೆಲಮಾಳಿಗೆಗೆ ಇಳಿದಳು. ಉಳಿದ ಆರು ಜಾಡಿಗಳಲ್ಲಿ ಎರಡರ ಮುಚ್ಚಳ ಉಬ್ಬಿತ್ತು. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಲಕ್ವಾ ಅಂದಿದ್ದಾರಲ್ಲ, ಓದಿದವರು, ಅವರಿಗೆ ತಿಳಿಯದೇ? ನಾನು ಹೇಳಿ, ಅದು ಅಲ್ಲದೇ ಹೋದರೆ? ಹೌದೇ ಆದರೆ? ಅರ್ಲಿಸ್ ಕೈಯ ಜಾಡಿ ಎಂದು ಊರು ಹೇಗೆ ಹೇಳುತ್ತದೆ ಆಮೇಲೆ? ನಿಜ ಹೇಳಬೇಕೆಂದರೆ ಅವಳನ್ನು ಹಿಡಿದು ಕೂರಿಸಿದ್ದು ಈ ಕೊನೆಯ ಪ್ರಶ್ನೆಯೇ. ಉಳಿದವೆಲ್ಲ ಅದಕ್ಕೆ ತೊಡಿಸಿದ ಬಟ್ಟೆ.

ಮೇಲೆ ಬಂದಾಗ ಹೆಂಡ್ರಿಕಾ ಹೆಣಿಗೆಯ ಕಡ್ಡಿ ನಿಲ್ಲಿಸಿ ನೋಡಿದಳು. "ಯಾಕೆ ಮುಖ ಹಾಗಾಗಿದೆ? ಕೆಳಗೆ ಏನಿತ್ತು?"

"ಏನಿಲ್ಲ ಅತ್ತೆ. ಜೋಲೀನಿಗೆ ಹುಷಾರಿಲ್ವಂತೆ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಂಡಿಯೂರಿದಳು. ಒಂದು ಗಂಟೆ ಪ್ರಾರ್ಥಿಸಿದಳು, ಕಣ್ಣೀರು ಸುರಿಸಿ ಪ್ರಾರ್ಥಿಸಿದಳು, ಸುಳ್ಳಲ್ಲ. ಕರ್ತನೇ, ಅವಳನ್ನು ಉಳಿಸು ಎಂದಳು. ಉಳಿಸುವ ದಾರಿಯನ್ನು ಕರ್ತನು ಹತ್ತು ಹೆಜ್ಜೆಯ ಆಚೆ ಗೋಡೆಗೆ ನೇತುಹಾಕಿದ್ದ. ಸಂಜೆ ಊಟವಾದ ಮೇಲೆ ವರ್ಲಿನ್ ಎಂದಿನ ಹಾಗೆ ಸತ್ಯವೇದ ತೆಗೆದು ಒಂದು ಕೀರ್ತನೆ ಓದಿ, ಜೋಲೀನಳ ಹೆಸರು ಹೇಳಿ ಬೇಡಿಕೊಂಡ. ಎಲ್ಲರ ಜೊತೆ ಅರ್ಲಿಸಳೂ ಆಮೆನ್ ಅಂದಳು.

ಶನಿವಾರ ಮಧ್ಯಾಹ್ನ ಅವಳು ನಾಳೆಯ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ನೆಲಮಾಳಿಗೆಯ ಮೆಟ್ಟಿಲಿನಲ್ಲಿ ಹೆಂಡ್ರಿಕಾಳ ಕೋಲಿನ ಸದ್ದಾಯಿತು. ಎರಡು ವರ್ಷದಿಂದ ಆ ಮೆಟ್ಟಿಲು ತುಳಿಯದ ಮುದುಕಿ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಜಾಡಿ ಹಿಡಿದು ಏದುಸಿರು ಬಿಡುತ್ತಾ ಬಂದಳು. ಉಬ್ಬಿದ ಮುಚ್ಚಳದ ಜಾಡಿಯನ್ನು ಆಲೂಗಡ್ಡೆಯ ಪಕ್ಕ ಇಟ್ಟಳು.

"ಬುಧವಾರ ಒಯ್ದದ್ದು ಇದ್ರಲ್ಲೇ ಒಂದಾ?"

ಅರ್ಲಿಸ್ ಚಾಕು ಕೆಳಗಿಟ್ಟಳು.

"ನಿನ್ನೆಯಿಂದ ಗೊತ್ತು ನಿಂಗೆ. ಮುಖದಲ್ಲೇ ಇತ್ತು. ರಾತ್ರಿ ಎಲ್ಲಾ ಯೋಚ್ನೆ ಮಾಡ್ದೆ, ಈ ಹುಡುಗಿಗೆ ಕೆಳಗೆ ಅಂಥದ್ದೇನು ಕಾಣಿಸ್ತು ಅಂತ." ಮುದುಕಿ ಕೋಲನ್ನು ಮೇಜಿಗೆ ಒರಗಿಸಿದಳು. "ಆರು ಗಂಟೆ ಅಂದೋಳು ನಾನೇ. ಆ ಪಾಪ ನಂದು, ಹೊರ್ತೀನಿ. ಆದ್ರೆ ಗೊತ್ತಿದ್ದೂ ಬಾಯಿ ಮುಚ್ಕೊಂಡಿರು ಅಂತ ನಾನು ಹೇಳಿರ್ಲಿಲ್ಲ. ನೀನು ಫೋನ್ ಮಾಡ್ತೀಯೋ, ನಾನು ಮಾಡ್ಲೋ?"

ಅರ್ಲಿಸ್ ಫೋನ್ ಮಾಡಿದಳು. ಡಾಕ್ಟರು ಎರಡೇ ಪ್ರಶ್ನೆ ಕೇಳಿದರು, ಮೂರನೆಯದಕ್ಕೆ ನಿಲ್ಲಲಿಲ್ಲ. ಅಷ್ಟರಲ್ಲಿ ಜೋಲೀನಳ ಉಸಿರು ನಿಂತು, ಬೆಳಗಿನ ಜಾವದಿಂದ ಅವಳನ್ನು ಯಂತ್ರಕ್ಕೆ ಹಾಕಿದ್ದರು. ಬೇರೆ ರಾಜ್ಯದಿಂದ ವಿಮಾನದಲ್ಲಿ ಮದ್ದು ತರಿಸಿದರು. ಆ ಮದ್ದು ವಿಷವನ್ನು ಅಲ್ಲಿಗೆ ತಡೆಯುತ್ತದೆ, ಆಗಿಹೋದ ಕೇಡನ್ನು ತಿರುಗಿಸುವುದಿಲ್ಲ ಎಂದರು. ಸರ್ಕಾರದವರು ಬಂದು ಉಳಿದ ಜಾಡಿಗಳನ್ನು ಒಯ್ದರು. ಇಪ್ಪತ್ತಮೂರು ದಿನ ಯಂತ್ರ ಉಸಿರಾಡಿತು. ಶ್ವಾಸಕೋಶಕ್ಕೆ ಕೀವು ತುಂಬಿ ಇಪ್ಪತ್ತನಾಲ್ಕನೆಯ ದಿನ ಜೋಲೀನ್ ತೀರಿಕೊಂಡಳು.

ನಮ್ಮ ಸಭೆ ಅರ್ಲಿಸಳನ್ನು ಕ್ಷಮಿಸಿತು. ಎಷ್ಟು ಬೇಗ ಕ್ಷಮಿಸಿತೆಂದರೆ ಕೇಳಿಕೊಳ್ಳುವುದಕ್ಕೂ ಅವಳಿಗೆ ಪುರುಸೊತ್ತು ಕೊಡಲಿಲ್ಲ. ಪಾದ್ರಿ ಬಂದು ಕೈ ಹಿಡಿದುಕೊಂಡರು. ಹೆಂಗಸರು ತಬ್ಬಿಕೊಂಡು, "ನೀನು ತಿಳಿದ ತಕ್ಷಣ ಫೋನ್ ಮಾಡಿದ್ಯಲ್ಲ, ಇನ್ಯಾರಾದ್ರೂ ಆಗಿದ್ರೆ ಮುಚ್ಚಿಡ್ತಿದ್ರು," ಎಂದು ಬೆನ್ನು ಸವರಿದರು. ತಿಳಿದ ತಕ್ಷಣ. ನಾನೂ ಹಾಗೆಯೇ ಅಂದವಳು. ಅವಳು ನೆಲ ನೋಡುತ್ತಾ ನಿಂತಿದ್ದಳು, ನಾವು ಅದನ್ನು ವಿನಯ ಅಂದುಕೊಂಡೆವು. ತಾಯಿಯಿಲ್ಲದ ಆ ಮನೆಗೆ ಮತ್ತೆ ಊಟದ ಪಟ್ಟಿ ಮಾಡಿದಾಗ ಅವಳ ಹೆಸರನ್ನು ಬಿಟ್ಟುಬಿಡುವ ಧೈರ್ಯ ಯಾರಿಗೂ ಬರಲಿಲ್ಲ. ಬಿಟ್ಟರೆ ಕ್ಷಮಿಸಿಲ್ಲ ಅಂದ ಹಾಗಾಗುತ್ತದಲ್ಲ. ಮಂಗಳವಾರದ ಎದುರು ಅವಳ ಹೆಸರು ಬಿತ್ತು.

ಅದರ ಹಿಂದಿನ ಶನಿವಾರ ಡ್ವೇನ್ ಬಂದ. ಕೈಯಲ್ಲಿ ಅರ್ಲಿಸಳ ಗಾಜಿನ ಬಟ್ಟಲು, ತೊಳೆದು ಒರೆಸಿದ್ದು, ತಳದ ಅಂಟುಪಟ್ಟಿಯಲ್ಲಿ ಅವಳ ಹೆಸರು ಅರ್ಧ ಅಳಿಸಿತ್ತು. ಕೂತ್ಕೋ ಎಂದರೆ ಕೂರಲಿಲ್ಲ.

"ಒಂದು ಮಾತು ಕೇಳ್ಬೇಕಿತ್ತು ಅಕ್ಕ. ಒಂದು ದಿನ ಮುಂಚೆ ಗೊತ್ತಾಗಿದ್ರೆ ಯಂತ್ರಕ್ಕೆ ಹಾಕೋ ಪ್ರಮೇಯ ಬರ್ತಿರ್ಲಿಲ್ವೇನೋ ಅಂದ್ರು ಡಾಕ್ಟ್ರು. ಶುಕ್ರವಾರ ನೀವು ಎಲ್ಲಾದ್ರೂ ಹೋಗಿದ್ರಾ? ಸುದ್ದಿ ನಿಮಗೆ ಯಾವಾಗ ಮುಟ್ತು?"

ಪಕ್ಕದ ಕೋಣೆಯಲ್ಲಿ ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು. ಒಂದೇ ಒಂದು ಶಬ್ದ ಸಾಕಿತ್ತು. ಶನಿವಾರ ಎಂದಿದ್ದರೆ ಡ್ವೇನ್ ತಲೆಯಾಡಿಸಿ ಹೋಗುತ್ತಿದ್ದ, ಊರು ತಬ್ಬಿಕೊಂಡೇ ಇರುತ್ತಿತ್ತು, ಅತ್ತೆಯೂ ಗೋರಿಯ ತನಕ ಬಾಯಿ ಬಿಡುತ್ತಿರಲಿಲ್ಲ. ಅರ್ಲಿಸ್ ಬಟ್ಟಲನ್ನು ಮೇಜಿನ ಮೇಲೆ ಇಟ್ಟಳು.

"ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ," ಎಂದಳು. "ವಿಲ್ಮಾ ಹೇಳ್ತಿದ್ದ ಹಾಗೇ ನಂಗೆ ಗೊತ್ತಾಯ್ತು. ಕೆಳಗೆ ಹೋಗಿ ನೋಡ್ದೆ, ಮುಚ್ಚಳ ಉಬ್ಬಿತ್ತು. ಹೆದರ್ಕೊಂಡು ಯಾರಿಗೂ ಹೇಳ್ಲಿಲ್ಲ. ಶನಿವಾರ ಅತ್ತೆ ಬಂದು ನಿಂತ್ಮೇಲೆ ಹೇಳಿದ್ದು."

ಡ್ವೇನ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಾ ನಿಂತ. ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು.

"ಶುಕ್ರವಾರ ಹತ್ತಕ್ಕೆ ಅವಳು ಮಾತಾಡ್ತಿದ್ಲು," ಎಂದ. "ತೊದಲ್ತಿದ್ಲು, ಆದ್ರೂ ಅರ್ಥ ಆಗ್ತಿತ್ತು. ಮಗು ಹಾಲು ಕುಡೀತಾ ಅಂತ ಕೇಳಿದ್ಲು." ಟೋಪಿ ಹಾಕಿಕೊಂಡು ಬಾಗಿಲವರೆಗೂ ಹೋದವನು ತಿರುಗಿದ. "ಮಂಗಳವಾರ ನಿಮ್ಮ ಹೆಸರಿದೆ."

"ನಾನು ಬರಲ್ಲ ಡ್ವೇನ್. ಬೇರೆ ಯಾರಿಗಾದ್ರೂ ಹೇಳ್ತೀನಿ."

"ಬನ್ನಿ. ಅಡುಗೆ ಮಾಡ್ಕೊಂಡೇ ಬನ್ನಿ. ಮೊದಲು ನೀವು ತಿನ್ನಿ, ನನ್ನೆದುರಿಗೆ."

ಅಕ್ಕ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಮಂಗಳವಾರ ಅರ್ಲಿಸ್ ನೆಲಮಾಳಿಗೆಗೆ ಇಳಿಯಲೇ ಇಲ್ಲ. ಅಂಗಡಿಯಿಂದ ಹೊಸ ಆಲೂಗಡ್ಡೆ, ಹೊಸ ಹಂದಿಮಾಂಸ, ಹಾಲು, ಬೆಣ್ಣೆ ತಂದಳು. ಪದರ ಪದರವಾಗಿ ಜೋಡಿಸಿ, ಒಂದು ಗಂಟೆ ಸಾಕಾಗುವುದನ್ನು ಎರಡು ಗಂಟೆ ಬೇಯಿಸಿದಳು, ಅಂಚು ಕಪ್ಪಗಾಯಿತು.

"ನಾನೂ ಬರ್ತೀನಿ," ಎಂದಳು ಹೆಂಡ್ರಿಕಾ. "ಗಡಿಯಾರ ನೋಡ್ಕೊಂಡು ನಿಂತೋಳು ನಾನು."

"ಬೇಡ ಅತ್ತೆ. ಅವನು ಕರೆದಿದ್ದು ನನ್ನನ್ನ."

ಡ್ವೇನನ ಮನೆಯಲ್ಲಿ ಮೇಜಿಗೆ ನಾಲ್ಕು ತಟ್ಟೆ ಇಟ್ಟಿತ್ತು. ಒಂದನ್ನು ಯಾರೋ ಅಭ್ಯಾಸಬಲದಿಂದ ಇಟ್ಟುಬಿಟ್ಟಿದ್ದರು. ಆರು ವರ್ಷದ ಕಾರ್ಲಾ ಅಪ್ಪನ ಪಕ್ಕ ಕೂತಿತ್ತು, ಮಗು ತೊಟ್ಟಿಲಲ್ಲಿ ಮಲಗಿತ್ತು. ಡ್ವೇನ್ ಊಟದ ಪ್ರಾರ್ಥನೆ ಹೇಳಿದ. ಅರ್ಲಿಸ್ ನಡುವೆ ಕಣ್ಣು ತೆರೆದಳು. ಅವನ ಕಣ್ಣು ತೆರೆದೇ ಇತ್ತು, ಅವಳ ಕೈ ನೋಡುತ್ತಿತ್ತು. ಆಮೆನ್ ಆಯಿತು. ಅವನು ಅವಳ ತಟ್ಟೆಗೆ ಒಂದು ಸೌಟು ಬಡಿಸಿದ. ತನಗೆ ಬಡಿಸಿಕೊಳ್ಳಲಿಲ್ಲ, ಕಾರ್ಲಾಳಿಗೂ ಬಡಿಸಲಿಲ್ಲ.

"ಆಂಟಿ ಒಬ್ರೇ ಯಾಕಪ್ಪ ತಿಂತಿದ್ದಾರೆ?" ಎಂದು ಕಾರ್ಲಾ ಕೇಳಿತು.

"ಅವ್ರ ಕೈಯಡುಗೆ. ಅವ್ರಿಗೇ ಮೊದ್ಲು."

ಬಾಯಿಗಿಟ್ಟ ತುತ್ತು ಒಳಗೆ ಹೋಗಲೊಲ್ಲದು. ಎರಡು ಸಲ ಅಗಿದು, ಉಗುಳು ಸೇರಿಸಿ, ಹೇಗೋ ನುಂಗಿದಳು. ಜೋಲೀನಳಿಗೆ ನೀರೂ ಇಳಿಯದೇ ಹೋದದ್ದು ಆ ಗಂಟಲಲ್ಲಿ ಅವಳಿಗೆ ಗೊತ್ತಾಯಿತು. ಹಾಗೆಯೇ ತಟ್ಟೆ ಖಾಲಿ ಮಾಡಿದಳು. ಕಾರ್ಲಾ ಹಸಿದ ಕಣ್ಣಿಂದ ಬಟ್ಟಲನ್ನೇ ನೋಡುತ್ತಿತ್ತು.

"ಎಷ್ಟು ಹೊತ್ತಿಗೆ ಗೊತ್ತಾಗುತ್ತೆ?" ಎಂದು ಡ್ವೇನ್ ಕೇಳಿದ.

ಹುಡುಗಿಯರಿಗೆ ಕಲಿಸಿದ ಪುಟ. ಅವಳು ತಲೆ ತಗ್ಗಿಸಿ ಒಪ್ಪಿಸಿದಳು. "ಇವತ್ತು ಗೊತ್ತಾಗಲ್ಲ. ಬೇಗ ಅಂದ್ರೂ ಹನ್ನೆರಡು ಗಂಟೆ ಆಗುತ್ತೆ. ಕೆಲವ್ರಿಗೆ ಒಂದು ದಿನ, ಎರಡು ದಿನ."

ಅವನು ಎದ್ದು ಬಟ್ಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟ. ಅಂಗಡಿಯ ಬ್ರೆಡ್ಡಿಗೆ ಅಂಗಡಿಯ ಜಾಮ್ ಸವರಿ ಮಗಳ ಮುಂದೆ ಇಟ್ಟ.

"ನಾಳೆ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ," ಎಂದ. "ನಿಮ್ಮ ನಾಲಿಗೆ ಸರಿಯಾಗಿ ಹೊರಳಿದ್ರೆ ಬಿಸಿ ಮಾಡಿ ಇವಳಿಗೆ ಕೊಡ್ತೀನಿ. ಎರಡು ವಾರ ಅಲ್ಲ, ಇನ್ಮೇಲೆ ಪ್ರತಿ ಮಂಗಳವಾರನೂ ನಿಮ್ದೇ."

ಬುಧವಾರ ಬೆಳಿಗ್ಗೆ ಅರ್ಲಿಸ್ ಪಾತ್ರೆ ತೊಳೆದಳು, ಒಲೆ ಒರೆಸಿದಳು. ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಗೋಡೆಯ ಫೋನಿನ ಮುಂದೆ ಹೋಗಿ ನಿಂತಳು. ಪಕ್ಕದ ಕೋಣೆಯಿಂದ ಹೆಂಡ್ರಿಕಾ ಕೋಲೂರಿಕೊಂಡು ಬಂದು ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು. ಇಬ್ಬರೂ ಗಡಿಯಾರ ನೋಡುತ್ತಿದ್ದರು. ಹತ್ತು ಹೊಡೆಯಿತು. ಅರ್ಲಿಸ್ ಗುಂಡಿ ಒತ್ತಿ ಫೋನು ಕಿವಿಗಿಟ್ಟುಕೊಂಡು, ಆ ಕಡೆ ಅವನು ಎತ್ತಿದ ಸದ್ದು ಕೇಳಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ತನ್ನ ಹೆಸರು ಹೇಳಿದಳು.